ಪದಕದ ಮೇಲಿನ ಹೆಸರು

ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಳಿಯುವಾಗ ಹಳೆಯ ಪೆಟ್ಟಿಗೆಗಳು ಕೆಳಗಿಳಿಯುವುದು ವಾಡಿಕೆ. ನಮ್ಮ ಜಗತ್ತಿನ ಮನೆಗಳಲ್ಲಾಗಲಿ ಕಮಲಾಪುರದ ಮನೆಗಳಲ್ಲಾಗಲಿ ಆಗ ಹೊರಬೀಳುವ ಒಡವೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಕಾಲು ಮುರಿದ ಕನ್ನಡಕ, ನಿಜಾಮರ ಕಾಲದ ಹಾಲಿ ಸಿಕ್ಕದ ನಾಲ್ಕಾರು ನಾಣ್ಯ, ಗೆದ್ದಲು ತಿಂದ ಲೆಕ್ಕದ ಪುಸ್ತಕ. ಇವುಗಳ ನಡುವೆ ಎಲ್ಲೋ ಒಂದು ಮನೆಯಲ್ಲಿ, ಬಣ್ಣಗೆಟ್ಟ ಪಟ್ಟಿಗೆ ತೂಗುಬಿದ್ದ ಪದಕವೊಂದು ದೊರೆಯುವುದುಂಟು. ಅದು ಯಾವ ಅಜ್ಜನದು, ಏತಕ್ಕಾಗಿ ಬಂದಿತು ಎಂದು ಕೇಳಿದರೆ ಉತ್ತರ ಕೊಡುವವರೇ ಇರುವುದಿಲ್ಲ. ಬೆಳ್ಳಿಯದಾದರೆ ಪತ್ತಾರನಿಗೆ, ಕಂಚಿನದಾದರೆ ಗುಜರಿಯವನಿಗೆ ಎಂದು ಯಾರಾದರೊಬ್ಬರು ಅಂದುಬಿಡುತ್ತಾರೆ. ಈ ತಿಂಗಳು ನಮ್ಮ ವಾಚಕರಲ್ಲಿ ನಾವು ಮಾಡುವ ಬಿನ್ನಹವಿಷ್ಟೆ: ಆ ಮಾತಿಗೆ ಒಡನೆ ಒಪ್ಪಬೇಡಿರಿ.

ಇದಕ್ಕೆ ಕಾರಣವಾಗಿ ನಮ್ಮ ನಾಡಿನಲ್ಲಿಯೇ ಮೊದಲಾದ ಒಂದು ನಿಜವೃತ್ತಾಂತವನ್ನು ಹೇಳುತ್ತೇವೆ. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ತೊಂಡೇಬಾವಿ ಎಂಬ ಊರುಂಟು. 1945ರ ಸೆಪ್ಟೆಂಬರ್ 12ರಂದು ಅಲ್ಲಿ ಸೈನಿಕರು ಗುಂಡು ಹಾರಿಸುವ ಅಭ್ಯಾಸದಲ್ಲಿದ್ದರು. ಎರಡನೆಯ ಮಹಾಯುದ್ಧವು ಮುಗಿದು ಕೆಲವೇ ದಿನಗಳಾಗಿದ್ದುವು. ಬಂದೂಕಿನಿಂದ ಹಾರಿಸಿದ ಗ್ರೆನೇಡೊಂದು ಸರಿಯಾಗಿ ಹಾರದೆ ತುಕಡಿಯಿಂದ ಎಂಟು ಗಜಗಳಷ್ಟರಲ್ಲಿಯೇ ಬಿದ್ದಿತು. ಹದಿಮೂರನೆಯ ಫ್ರಾಂಟಿಯರ್ ಫೋರ್ಸ್ ರೈಫಲ್ಸ್ ಪಡೆಯ ನಾಯಕ್ ಕೃಪಾರಾಮನು, ಹಿಂದೆ ಸರಿಯಿರೆಂದು ತನ್ನವರಿಗೆ ಕೂಗಿ ಹೇಳಿ, ತಾನು ಮುಂದೆ ಓಡಿ ಅದನ್ನು ಕೈಗೆತ್ತಿಕೊಂಡನು. ದೂರಕ್ಕೆ ಎಸೆಯುವಷ್ಟರಲ್ಲಿ ಅದು ಕೈಯಲ್ಲಿಯೇ ಸಿಡಿಯಿತು. ಅವನು ಮಡಿದನು, ತುಕಡಿಯವರಲ್ಲಿ ಇಬ್ಬರಿಗೆ ಮಾತ್ರ ಅಲ್ಪಸ್ವಲ್ಪ ಗಾಯವಾಯಿತು. ಮರುವರ್ಷ, 1946ರ ಮಾರ್ಚಿಯಲ್ಲಿ, ಅವನಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಎಂಬ ಬೆಳ್ಳಿಯ ಶಿಲುಬೆಯು ಪ್ರಕಟವಾಯಿತು.

ಕೃಪಾರಾಮನ ಮನೆಯಿದ್ದುದು ದೂರದ ಹಿಮಾಚಲದ ಬಿಲಾಸಪುರ ಸೀಮೆಯಲ್ಲಿ. ಚಿಕ್ಕ ಪ್ರಾಯದಲ್ಲಿಯೇ ವಿಧವೆಯಾದ ಆತನ ಪತ್ನಿಗೆ ಗಂಡನ ಗುರುತೆಂದು ಉಳಿದುದು ಆ ಶಿಲುಬೆ. 2002ರಲ್ಲಿ ಅದು ಮನೆಯಿಂದ ಕಳವಾಯಿತು. ಏಳು ವರ್ಷಗಳ ತರುವಾಯ, 2009ರಲ್ಲಿ, ಲಂಡನ್ನಿನ ಒಂದು ಹರಾಜಿನಲ್ಲಿ ಅದು ತಲೆದೋರಿತು! ಸುದ್ದಿಯು ತಿಳಿಯಲಾಗಿ ಹರಾಜು ನಿಂತಿತು. ಬಹುಕಾಲದ ವ್ಯವಹಾರದ ಮೇಲೆ ಪದಕವು ಆ ಮುದುಕಿಯ ಕೈಗೆ ಮರಳಿ ಬಂದಿತು.

ಇಷ್ಟು ದೂರ ಹೋದ ವಸ್ತುವು ತನ್ನ ಮನೆಗೆ ಮರಳಿದುದು ಹೇಗೆ? ಶಿಲುಬೆಯ ಹಿಂಬದಿಯಲ್ಲಿ ಪಡೆದವನ ಹೆಸರನ್ನು ಕೊರೆದಿರುತ್ತಾರೆ. ಇತ್ತ ಮನೆಯಲ್ಲಿ, ಇದು ನಮ್ಮದು ಎಂದು ಹೇಳುವವರೊಬ್ಬರು ಬದುಕಿದ್ದರು. ಈ ಎರಡರಲ್ಲಿ ಒಂದು ತಪ್ಪಿದ್ದರೂ ಅದು ಯಾವನೋ ಧನಿಕನ ಕಪಾಟನ್ನು ಸೇರುತ್ತಿದ್ದಿತು. ನಮ್ಮ ಮನೆಗಳಲ್ಲಿ ಪದಕದ ಮೇಲಿನ ಹೆಸರು ಇಂದಿಗೂ ಇದೆ, ಹೇಳುವವರು ಇಲ್ಲವಾಗುತ್ತಿದ್ದಾರೆ.

ನಮ್ಮ ಸೀಮೆಯಲ್ಲಿ ಇಂತಹ ಪದಕಗಳೆಲ್ಲಿ ಎಂದು ಕೆಲವರು ಕೇಳಬಹುದು. 1948ರವರೆಗೆ ಕಲಬುರಗಿಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತಷ್ಟೆ. ಮೊದಲನೆಯ ಮಹಾಯುದ್ಧದಲ್ಲಿ ಆ ಸಂಸ್ಥಾನದ ಅಶ್ವದಳವು ಮೈಸೂರು, ಜೋಧಪುರಗಳ ದಳಗಳೊಡನೆ ಈಜಿಪ್ತ, ಪ್ಯಾಲೆಸ್ತೀನಗಳಿಗೆ ಹೋಗಿದ್ದಿತು. ದಿಲ್ಲಿಯ ತೀನ್ ಮೂರ್ತಿಯಲ್ಲಿ 1922ರಿಂದ ನಿಂತಿರುವ ಮೂವರು ಯೋಧರ ವಿಗ್ರಹಗಳು ಈ ಮೂರು ಸಂಸ್ಥಾನಗಳ ದಳಗಳ ಸ್ಮಾರಕವೇ. ಆ ಯುದ್ಧದ ಪದಕವೊಂದು ಹೋರಾಡಿದವರಿಗೆ ಬೆಳ್ಳಿಯದು. ಕುದುರೆ ನೋಡುವವರು, ಹೊರೆ ಹೊರುವವರು ಮೊದಲಾದ ಹಿಂಬಾಲಕರಿಗೆ ಕಂಚಿನದು. 1980ರ ಸುಮಾರಿಗೆ ಬೆಳ್ಳಿಯ ಬೆಲೆಯು ಏರಿದಾಗ ಇಂತಹ ಬೆಳ್ಳಿಯ ಪದಕಗಳೆಷ್ಟೋ ಲೋಕದಲ್ಲಿ ಕುಲುಮೆಯ ಪಾಲಾದುವು. ಕರಗಿದ ಬೆಳ್ಳಿಯು ಮತ್ತೆ ಬೆಳ್ಳಿಯಾಗಿಯೇ ದೊರೆತೀತು, ಅದರ ಮೇಲಿದ್ದ ಹೆಸರು ದೊರೆಯದು.

ಆದುದರಿಂದ ಪದಕವು ಕೈಗೆ ಸಿಕ್ಕರೆ ಮಾಡತಕ್ಕುದೇನೆಂಬುದನ್ನು ಕ್ರಮವಾಗಿ ಹೇಳುತ್ತೇವೆ. ಮೊದಲನೆಯದಾಗಿ, ಹುಣಿಸೆಹುಳಿ ಹಚ್ಚಿ ಬೂದಿಯಿಂದ ತಿಕ್ಕಬೇಡಿರಿ, ಅಕ್ಷರಗಳು ಸವೆದುಹೋಗುವುವು. ದೀಪದ ಮುಂದೆ ಓರೆಯಾಗಿ ಹಿಡಿದು ಭೂತಗನ್ನಡಿಯಿಂದ ಅದರ ಅಂಚನ್ನು ನೋಡಿರಿ. ಭಾರತೀಯ ಸೈನಿಕರಿಗೆ ಕೊಟ್ಟ ಎರಡು ಮಹಾಯುದ್ಧಗಳ ಪದಕಗಳಲ್ಲಿ ಸಾಮಾನ್ಯವಾಗಿ ಅಂಚಿನ ಮೇಲೆ, ನಕ್ಷತ್ರಾಕಾರದವುಗಳಲ್ಲಿ ಹಿಂಬದಿಯಲ್ಲಿ, ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ ಇವು ಇಂಗ್ಲಿಷ್ ಅಕ್ಷರಗಳಲ್ಲಿರುವುವು. ಇದ್ದುದನ್ನು ಇದ್ದಂತೆಯೇ ಬರೆದುಕೊಳ್ಳಿರಿ. ಬಳಿಕ ಮನೆಯ ಹಿರಿಯರನ್ನು ಕೇಳಿ ಊರು, ತಂದೆಯ ಹೆಸರುಗಳನ್ನು ಅದರ ಕೆಳಗೆ ಸೇರಿಸಿರಿ. ಈ ಕಾಗದವು ಪದಕದೊಡನೆಯೇ ಇರಲಿ.

ಆ ಹೆಸರು ನಿಮ್ಮ ಮನೆತನದ್ದಲ್ಲವೆಂದು ಕಂಡುಬರಲೂಬಹುದು. ಬರಗಾಲದಲ್ಲಿ ಯಾರೋ ಒತ್ತೆಯಿಟ್ಟು ಬಿಡಿಸಿಕೊಳ್ಳಲಾರದೆ ಹೋದುದಿರಬಹುದು. ಆಗ ಅದನ್ನು ತಲುಪಿಸುವ ಭಾರವು ನಿಮ್ಮದು. ಯುದ್ಧದಲ್ಲಿ ಮಡಿದವನಾದರೆ, 1917ರಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ದಾಖಲೆಗಳನ್ನು ಅಂತರ್ಜಾಲದಲ್ಲಿ ಹಣವಿಲ್ಲದೆ ನೋಡಬಹುದು. ಎಷ್ಟೋ ಹೆಸರುಗಳ ಮುಂದೆ ತಂದೆಯ ಹೆಸರೂ ಊರೂ ಬರೆದಿವೆ. ಒಂದೇ ಹೆಸರಿನವರು ಹಲವರಿರುವುದರಿಂದ ಸಂಖ್ಯೆಯೂ ಪಡೆಯೂ ಹೊಂದಿದ ಹೊರತು ನಿಶ್ಚಯಿಸಬೇಡಿರಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ಒಂದು ಪತ್ರ ಬರೆಯುವುದೊಳ್ಳೆಯದು.

ಮನೆಯವರು ಸಿಕ್ಕಮೇಲೆಯೂ ಅವಸರ ಸಲ್ಲದು. ಮುಂದಾಗಿ ತಿಳಿಸಿ, ಅವರ ಒಪ್ಪಿಗೆ ಪಡೆದು ಹೋಗಿರಿ. ಹಳೆಯ ಗಾಯವು ಕೆಲವು ಮನೆಗಳಲ್ಲಿ ಇನ್ನೂ ಹಸಿಯಾಗಿಯೇ ಇರುತ್ತದೆ. ಅಣ್ಣತಮ್ಮಂದಿರ ಮಕ್ಕಳು ಹಲವರಿದ್ದರೆ ಎಲ್ಲರ ಎದುರಿಗೆ ಕೊಡುವುದು ಲೇಸು. ಹೆಂಡತಿಯಾಗಲಿ ಮಗಳಾಗಲಿ ಬದುಕಿದ್ದರೆ ಮೊದಲು ಅವರ ಕೈಗೇ ಇಡಿರಿ. ಗಂಡಸರ ಸಾಹಸವೆಂದು ನಾವು ಕೊಂಡಾಡುವ ಎಷ್ಟೋ ಕಾರ್ಯಗಳ ಬೆಲೆಯನ್ನು ಬಾಳೆಲ್ಲ ತೆತ್ತವರು ಮನೆಯೊಳಗಿನ ಹೆಂಗಸರು.

ಈ ಹಬ್ಬಕ್ಕೆ ಪೆಟ್ಟಿಗೆಯು ಕೆಳಗಿಳಿದಾಗ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿರಿ. ಪದಕವಿದ್ದರೆ ಅದರ ಹೆಸರನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿರಿ. ನಾಳೆ ಅದು ಕಳೆದುಹೋದರೂ, ಇದು ನಮ್ಮದು ಎಂದು ಹೇಳುವವರೊಬ್ಬರು ಮನೆಯಲ್ಲಿ ಉಳಿದಿರುತ್ತಾರೆ.