ಮೊದಲು ಹಳೆಯ ನೆಗೆಟಿವು, ಆಮೇಲೆ ಹೊಸ ಫಿಲ್ಮು

ಈ ವರ್ಷ ನಮ್ಮ ಕಾಲೇಜಿನಲ್ಲಿ ಒಂದು ಹೊಸ ಹುಚ್ಚು ಕಾಣಿಸಿಕೊಂಡಿದೆ. ಕೈಯಲ್ಲಿ ಮೊಬೈಲು ಇದ್ದರೂ ಅದರಲ್ಲಿ ಚಿತ್ರ ತೆಗೆಯಲೊಲ್ಲದ ಕೆಲವು ಮಿತ್ರರು, ಹಳೆಯ ಸಾಮಾನಿನ ಅಂಗಡಿಗಳನ್ನೂ ಬಂಧುಗಳ ಮನೆಯ ಅಟ್ಟಗಳನ್ನೂ ಶೋಧಿಸಿ ಫಿಲ್ಮಿನ ಕ್ಯಾಮರಾಗಳನ್ನು ಹೊರತೆಗೆದಿದ್ದಾರೆ. ಯಾವ ಫಿಲ್ಮು ಒಳ್ಳೆಯದು, ಯಾವ ಸ್ಕ್ಯಾನರು ಮೇಲು ಎಂಬ ಚರ್ಚೆ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಪರೀಕ್ಷೆಯ ದಿನಗಳಲ್ಲಿ ಕೂಡ ನಿಂತದ್ದಿಲ್ಲ. ಹುಚ್ಚು ಎಂದೆನಾದರೂ ಇದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ; ಆ ಮೆಟ್ಟಿಲುಗಳ ಮೇಲೆ ಕುಳಿತು ನಾನೂ ವಾದಿಸಿದವಳೇ. ಆದರೆ ಕಳೆದ ಬೇಸಿಗೆಯಲ್ಲಿ ನಡೆದ ಒಂದು ಸಂಗತಿಯಿಂದ ನನ್ನ ಅಭಿಪ್ರಾಯ ಬದಲಾಯಿತು. ಅದನ್ನು ವಾಚಕರ ಮುಂದಿಡಲು ಈ ನಾಲ್ಕು ಮಾತು.

ನಮ್ಮದು ಔರಾದ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಮ್ಮ ಮನೆತನದಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲಿಗಳು. ಮುತ್ತ್ಯಾನನ್ನು ನಾನು ನೋಡಿಲ್ಲ. ಆತ ಹೇಗಿದ್ದ ಎಂದು ಕೇಳಿದರೆ ಅಜ್ಜಿ ಅಪ್ಪನ ಕಡೆ ಕೈ ತೋರಿಸುತ್ತಾಳೆ. ಅಪ್ಪ ಕಾಕಾನ ಕಡೆ ತೋರಿಸುತ್ತಾನೆ. ಅಜ್ಜಿ ಮುತ್ತ್ಯಾ ಇಬ್ಬರದೂ ಒಂದೇ ಒಂದು ಚಿತ್ರವಿತ್ತಂತೆ. ಅಪ್ಪ ಹುಟ್ಟಿದ ಮರುವರ್ಷ, ಅಂದರೆ 1976ರಲ್ಲಿ, ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಹೋದವರು ಭಾಲ್ಕಿಯ ಸ್ಟುಡಿಯೊ ಒಂದರಲ್ಲಿ ತೆಗೆಸಿಕೊಂಡದ್ದು. ಗೋಡೆಯ ಮೇಲಿದ್ದ ಆ ಚಿತ್ರವನ್ನು ಒಂದು ಮಳೆಗಾಲದಲ್ಲಿ ಗೆದ್ದಲು ತಿಂದುಹಾಕಿತು.

ಚಿತ್ರ ಹೋದರೂ ನೆಗೆಟಿವು ಇರಬಹುದಲ್ಲ ಎಂದುಕೊಂಡು ನಾನು ಭಾಲ್ಕಿಗೆ ಹೋದೆ. ಆ ಸ್ಟುಡಿಯೊ ಬಾಗಿಲು ಹಾಕಿ ಎಷ್ಟೋ ವರ್ಷಗಳಾಗಿವೆ. ಅದರ ಮಾಲೀಕರು ತಮ್ಮ ಮನೆಯ ಹಿಂದಿನ ಕೋಣೆಗೆ ಕರೆದೊಯ್ದು ಸಾಲಾಗಿಟ್ಟ ತಗಡಿನ ಡಬ್ಬಿಗಳನ್ನು ತೋರಿಸಿದರು. “ಇವು ಜಾಗಾ ತಿನ್ಲತ್ತಾವ ನೋಡವ್ವಾ. ರದ್ದಿಯವ ಎರಡ ಸಲ ಬಂದು ಕೇಳಿ ಹೋದ. ಇದರಾಗ ಬೆಳ್ಳಿ ಅದ ಅಂತಾನ” ಎಂದರು. “ಇಷ್ಟ ಲಗೂ ಕೊಡಬ್ಯಾಡ್ರಿ ಕಾಕಾ, ಒಂದ್ಸಲ ನೋಡ್ತೀನ್ರಿ” ಎಂದು ಬೇಡಿಕೊಂಡು ಕುಳಿತೆ. ಹಳೆಯ ವಹಿಯಲ್ಲಿ ಹೆಸರಿನ ಮುಂದೆ ಒಂದು ಅಂಕಿ, ಅದೇ ಅಂಕಿ ಬರೆದ ಕಾಗದದ ಲಕೋಟೆಯಲ್ಲಿ ನೆಗೆಟಿವು. ಅಷ್ಟು ಶಿಸ್ತಾಗಿ ಅವರ ತಂದೆ ಲೆಕ್ಕವಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಮುತ್ತ್ಯಾನ ಹೆಸರು ಸಿಕ್ಕಿತು, ಲಕೋಟೆಯೂ ಸಿಕ್ಕಿತು. ತೆರೆದೊಡನೆ ಸಿರ್ಕಾದಂಥ ಹುಳಿ ವಾಸನೆ ಮೂಗಿಗೆ ಬಡಿಯಿತು. ಫಿಲ್ಮು ಮುದುರಿತ್ತು. ಬೆಳಕಿಗೆ ಹಿಡಿದು ನೋಡಿದರೆ ಅಜ್ಜಿಯ ಗುರುತು ಹತ್ತಿತು. ಮುತ್ತ್ಯಾನ ರುಮಾಲು ಇತ್ತು, ಕೋಲು ಹಿಡಿದ ಕೈ ಇತ್ತು. ಮುಖವಿದ್ದ ಕಡೆ ಪದರು ಸುಕ್ಕುಗಟ್ಟಿ ಕಳಚಿಹೋಗಿತ್ತು.

ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಕಾಲದ ಫಿಲ್ಮಿನ ತಳಹಾಳೆ ಸೆಲ್ಯುಲೋಸ್ ಅಸಿಟೇಟ್ ಎಂಬ ವಸ್ತುವಿನದು. ಸೆಕೆ ಮತ್ತು ತೇವ ಸೇರಿದರೆ ಅದು ಮೆಲ್ಲನೆ ಒಡೆದು ಅಸಿಟಿಕ್ ಆಮ್ಲವನ್ನು, ಅಂದರೆ ಸಿರ್ಕಾದ ಹುಳಿಯನ್ನು, ಹೊರಬಿಡುತ್ತದೆ. ಹೊರಬಿದ್ದ ಹುಳಿ ಮತ್ತಷ್ಟು ಒಡಕಿಗೆ ಕಾರಣವಾಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಒಂದರ ರೋಗ ಪಕ್ಕದ್ದಕ್ಕೂ ತಗಲುತ್ತದೆ. ತಳಹಾಳೆ ಕುಗ್ಗುತ್ತದೆ, ಚಿತ್ರವಿರುವ ಪದರು ಕುಗ್ಗದೆ ಸುಕ್ಕಾಗಿ ಏಳುತ್ತದೆ. ಬೀದರ ಜಿಲ್ಲೆಯ ಬೇಸಿಗೆಯನ್ನೂ ಮಳೆಗಾಲವನ್ನೂ ಬಲ್ಲವರಿಗೆ ಈ ಡಬ್ಬಿಗಳ ಆಯುಷ್ಯವನ್ನು ಬೇರೆ ಹೇಳಬೇಕಾಗಿಲ್ಲ.

ರದ್ದಿಯವನ ಮಾತೂ ಸುಳ್ಳಲ್ಲ. ಕಪ್ಪುಬಿಳುಪು ನೆಗೆಟಿವಿನಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿಯೇ. ನಮ್ಮ ಬಿದರಿ ಕೆಲಸದಲ್ಲಿ ಕಪ್ಪು ಲೋಹದ ಮೇಲೆ ಬೆಳ್ಳಿ ಬೆಳ್ಳಗೆ ಹೊಳೆಯುತ್ತದೆ. ನೆಗೆಟಿವಿನಲ್ಲಿ ಅದೇ ಬೆಳ್ಳಿ ಸೂಕ್ಷ್ಮ ಕಣಗಳಾಗಿ ಕಪ್ಪಾಗಿ ಕಾಣುತ್ತದೆ. ಬಿದರಿಯ ಹೂಜಿಯನ್ನು ಕರಗಿಸಿ ಬೆಳ್ಳಿ ತೆಗೆಯೋಣವೆಂದರೆ ನಾವು ಒಪ್ಪುವೆವೇ? ನೆಗೆಟಿವನ್ನು ಮಾತ್ರ ಕಿಲೋ ಲೆಕ್ಕದಲ್ಲಿ ತೂಗಿಕೊಡಲು ಸಿದ್ಧರಾಗಿದ್ದೇವೆ.

ಬೀದರಿನ ಚಿತ್ರಗಳಿಗೇನು ಕೊರತೆ ಎಂದು ಯಾರಾದರೂ ಕೇಳಬಹುದು. ಕೋಟೆ ಗುಮ್ಮಟಗಳ ಚಿತ್ರಗಳಿಗೆ ಕೊರತೆಯಿಲ್ಲ, ನಿಜ. ಹೈದರಾಬಾದು ಸಂಸ್ಥಾನದ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಇತಿಹಾಸದ ಗ್ರಂಥದಲ್ಲಿ ಕೋಟೆ, ಮಹಮೂದ್ ಗಾವಾನನ ಮದರಸಾ, ಅಷ್ಟೂರಿನ ಗೋರಿಗಳು ಪುಟಪುಟಗಳಲ್ಲಿ ನಿಂತಿವೆ. ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿ 1905ರಲ್ಲಿ ತೀರಿಕೊಂಡ ರಾಜಾ ದೀನ್ ದಯಾಳರ ಎರಡು ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವುಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರದಲ್ಲಿ ಭದ್ರವಾಗಿವೆ. ಅವೆಲ್ಲ ಉಳಿದದ್ದು ಒಳ್ಳೆಯದೇ ಆಯಿತು. ಆದರೆ 1948ರ ಸೆಪ್ಟೆಂಬರ್ 17ನ್ನೂ 1956ರ ನವೆಂಬರ್ 1ನ್ನೂ ಕಣ್ಣಾರೆ ಕಂಡ ಒಕ್ಕಲಿಗರು, ಕೂಲಿಕಾರರು, ನೇಕಾರರು, ಸೂಲಗಿತ್ತಿಯರು ತಮ್ಮ ಜೀವಮಾನದಲ್ಲಿ ಒಮ್ಮೆಯೋ ಎರಡು ಸಲವೋ ಕ್ಯಾಮರಾದ ಮುಂದೆ ಕುಳಿತದ್ದು ಬೀದರ, ಭಾಲ್ಕಿ, ಔರಾದಗಳಂಥ ಊರುಗಳ ಸಣ್ಣ ಸ್ಟುಡಿಯೊಗಳಲ್ಲಿ. ಅವರ ಮುಖಗಳು ಯಾವ ಗ್ರಂಥದಲ್ಲೂ ಇಲ್ಲ. ಇದ್ದರೆ ಈ ಡಬ್ಬಿಗಳಲ್ಲಿ ಇವೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ನಮ್ಮಲ್ಲಿರುವ ಅಲ್ಪ ಹಣವನ್ನು ಮೊದಲು ಸ್ಕ್ಯಾನರಿಗೆ ಹಾಕಬೇಕು, ಹೊಸ ಫಿಲ್ಮು ಆಮೇಲಿನ ಮಾತು. ಸ್ಕ್ಯಾನರನ್ನು ಆರಿಸುವಾಗಲೂ ಯಂತ್ರದ ಹೊಗಳಿಕೆಗೆ ಕಿವಿಗೊಡದೆ ನಮ್ಮ ಡಬ್ಬಿಗಳಲ್ಲಿ ಏನಿದೆಯೆಂದು ನೋಡಬೇಕು. ಮೆಟ್ಟಿಲುಗಳ ಮೇಲಿನ ಚರ್ಚೆಯಲ್ಲಿ ಹೆಚ್ಚಾಗಿ ಗೆಲ್ಲುತ್ತಿದ್ದುದು ಪ್ಲಸ್ಟೆಕ್ ಕಂಪನಿಯ ಆಪ್ಟಿಕ್‌ಫಿಲ್ಮ್ ಜಾತಿಯ ಯಂತ್ರ. ಅದು ಒಳ್ಳೆಯದೇ, ಆದರೆ ಅದರ 8100ರಂಥ ಮಾದರಿಗಳೊಳಗೆ 35 ಮಿಲಿಮೀಟರಿನ ಫಿಲ್ಮು ಮಾತ್ರ ಹೋಗುತ್ತದೆ. ನಾನು ಭಾಲ್ಕಿಯಲ್ಲಿ ಕಂಡವುಗಳಲ್ಲಿ ಬಹುಪಾಲು 120ನೆಯ ನಂಬರಿನ ಅಗಲ ಫಿಲ್ಮು, ಚೌಕ ಚಿತ್ರದ್ದು. ಅದಕ್ಕೆ ಮುಚ್ಚಳದಲ್ಲಿಯೇ ದೀಪವಿರುವ, ಎಪ್ಸನ್ ವಿ600ರಂಥ ಚಪ್ಪಟೆ ಸ್ಕ್ಯಾನರು ಬೇಕು. ಹೊಸದೇ ಆಗಬೇಕೆಂದಿಲ್ಲ, ಬಳಸಿದ್ದಾದರೂ ಸಾಕು.

ಪೆಟ್ಟಿಗೆಯ ಮೇಲೆ 6400 ಎಂದು ಅಚ್ಚಾಗಿರುವ ಅಂಕಿಗೂ ಮರುಳಾಗಬಾರದು. ಚಪ್ಪಟೆ ಯಂತ್ರದಲ್ಲಿ ಅದರ ಅರ್ಧದಷ್ಟು ವಿವರವೂ ನಿಜವಾಗಿ ಸಿಕ್ಕುವುದಿಲ್ಲ. ನಮಗೆ ಅಷ್ಟು ಬೇಕಾಗಿಯೂ ಇಲ್ಲ. 35ರ ಫಿಲ್ಮಿನ ಒಂದು ಚಿತ್ರ 24ಕ್ಕೆ 36 ಮಿಲಿಮೀಟರು. 120ರ ಚೌಕ ಚಿತ್ರ ಸುಮಾರು 56ಕ್ಕೆ 56, ಅಂದರೆ ಮೂರೂವರೆ ಪಟ್ಟಿಗೂ ಮಿಗಿಲು ದೊಡ್ಡದು. ಅದನ್ನು ಇಂಚಿಗೆ 2400 ಬಿಂದುಗಳಂತೆ ಓದಿಸಿದರೂ ಸುಮಾರು 2 ಕೋಟಿ 80 ಲಕ್ಷ ಬಿಂದುಗಳ ಚಿತ್ರವಾಗುತ್ತದೆ. ಹದಿನಾರು ಬಿಟ್ಟಿನ ಬೂದುಬಣ್ಣದ ಟಿಫ್ ಕಡತವಾಗಿ ಇಟ್ಟರೆ ಒಂದೊಂದು 56 ಮೆಗಾಬೈಟು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಅಂಥವು ಹದಿನೇಳು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ಒಂದು ಡಿಸ್ಕು ಕೆಟ್ಟರೆ ಇನ್ನೊಂದಿರಲೆಂದು ಎರಡನ್ನು ಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಅತಿಗೆಂಪು ಕಿರಣದಿಂದ ಧೂಳನ್ನು ಗುರುತಿಸಿ ತಾನೇ ಅಳಿಸುವ ಏರ್ಪಾಟು ಕೆಲವು ಯಂತ್ರಗಳಲ್ಲಿ ಉಂಟು. ಬಣ್ಣದ ನೆಗೆಟಿವಿಗೆ ಅದು ಉಪಕಾರಿ. ಆದರೆ ಕಪ್ಪುಬಿಳುಪಿನ ಬೆಳ್ಳಿ ಆ ಕಿರಣವನ್ನೂ ತಡೆಯುವುದರಿಂದ ಯಂತ್ರವು ಚಿತ್ರವನ್ನೇ ಧೂಳೆಂದು ತಿಳಿದು ಕೆಡಿಸುತ್ತದೆ. ಇದಕ್ಕಾಗಿ ಹೆಚ್ಚು ಹಣ ತೆರುವುದು ನಮ್ಮ ಕೆಲಸಕ್ಕೆ ವ್ಯರ್ಥ. ಗಾಳಿ ಊದುವ ರಬ್ಬರಿನ ಉಂಡೆ, ಮೆತ್ತನೆಯ ಕುಂಚ, ಹತ್ತಿಯ ಕೈಗವಸು ಮತ್ತು ತಾಳ್ಮೆ ಇದ್ದರಾಯಿತು.

ಮೊಬೈಲಿನಲ್ಲಿಯೇ ತೆಗೆದರಾಗದೇ ಎಂದು ಒಬ್ಬ ಮಿತ್ರರು ಕೇಳಿದರು. ಯಾವ ಲಕೋಟೆಯಲ್ಲಿ ಯಾರಿದ್ದಾರೆಂಬ ಪಟ್ಟಿ ಮಾಡಲು ಅದು ಸಾಕು. ನಾನು ಅಜ್ಜಿಯ ಚಿತ್ರವನ್ನು ಹಾಗೆಯೇ ತೆಗೆದುಕೊಂಡು ಬಂದೆ. ಆದರೆ ಅಚ್ಚು ಹಾಕಿಸಿದಾಗ ಅಂಚು ಮಸುಕಾಗಿ, ಸೆರಗಿನ ನೆರಳೆಲ್ಲ ಒಂದೇ ಕಪ್ಪಾಯಿತು. ನೆಗೆಟಿವು ಇನ್ನು ಹತ್ತು ವರ್ಷ ಇರುವುದೆಂಬ ಭರವಸೆಯಿಲ್ಲದಾಗ, ಒಮ್ಮೆ ಮಾಡುವ ನಕಲು ಒಳ್ಳೆಯದಾಗಿರಬೇಕು. ಕೈಯಲ್ಲಿ ಡಿಜಿಟಲ್ ಕ್ಯಾಮರಾ, ಮ್ಯಾಕ್ರೊ ಲೆನ್ಸು ಇರುವವರು ಕೆಳಗಿನಿಂದ ಸಮವಾದ ಬೆಳಕು ಕೊಟ್ಟು ತೆಗೆದರೆ ಅದು ಸ್ಕ್ಯಾನರಿಗಿಂತ ಬೇಗನೆ ಸಾಗುವ ಕೆಲಸ. ಮುದುರಿದ ಫಿಲ್ಮನ್ನು ಮಾತ್ರ ಬಲವಂತದಿಂದ ಚಪ್ಪಟೆ ಮಾಡಬಾರದು. ಹುಳಿ ವಾಸನೆಯವನ್ನು ಉಳಿದವುಗಳಿಂದ ಬೇರ್ಪಡಿಸಿ ಮೊದಲು ಅವನ್ನೇ ಮುಗಿಸಬೇಕು.

ಹಾಗಾದರೆ ಹೊಸ ಫಿಲ್ಮು ಬೇಡವೇ? ಬೇಡವೆನ್ನಲಾರೆ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ನಮ್ಮ ದೇಶದಲ್ಲಿಯೇ ತಯಾರಿಸುತ್ತಿತ್ತು. ಅದು ಮುಚ್ಚಿಹೋಗಿದೆ. ಈಗ ಕೊಡಾಕು ಅಮೆರಿಕದಿಂದ, ಇಲ್‌ಫೋರ್ಡು ಇಂಗ್ಲೆಂಡಿನಿಂದ ಬರಬೇಕು. ಬೆಲೆ ನಮ್ಮಂಥವರ ಕೈಗೆ ಎಟುಕುವುದು ಕಷ್ಟ. ಕೊಳ್ಳಲೇಬೇಕೆಂದರೆ ಇಲ್‌ಫೋರ್ಡು ಎಚ್‌ಪಿ5 ಅಥವಾ ಕೊಡಾಕು ಟ್ರೈ-ಎಕ್ಸ್‌ನಂಥ 400ರ ವೇಗದ ಕಪ್ಪುಬಿಳುಪು ಫಿಲ್ಮು ಕೊಳ್ಳಿರಿ. ಬಣ್ಣದ ಫಿಲ್ಮನ್ನು 38 ಡಿಗ್ರಿಯ ಆಸುಪಾಸಿನಲ್ಲಿ ಕಟ್ಟುನಿಟ್ಟಾಗಿ ತೊಳೆಯಬೇಕು, ಇಲ್ಲವೇ ದೊಡ್ಡ ಪಟ್ಟಣಕ್ಕೆ ಕಳುಹಿಸಬೇಕು. ಕಪ್ಪುಬಿಳುಪನ್ನು 20 ಡಿಗ್ರಿಯ ನೀರಿನಲ್ಲಿ ಹಾಸ್ಟೆಲಿನ ಕೋಣೆಯಲ್ಲಿಯೇ ತೊಳೆಯಬಹುದು. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರಿಗೆ ಒಂದಿಷ್ಟು ಬರ್ಫು ಹಾಕಿಕೊಂಡರೆ ಸರಿ. ಬಣ್ಣ ಮಾಸುತ್ತದೆ, ಬೆಳ್ಳಿ ಹೆಚ್ಚು ಕಾಲ ಬಾಳುತ್ತದೆ.

ಕೊನೆಯದಾಗಿ ನಮ್ಮ ಗುರುಗಳಲ್ಲಿ ಒಂದು ವಿನಂತಿ. ಇತಿಹಾಸ ವಿಭಾಗದ ಆಶ್ರಯದಲ್ಲಿ ಒಂದು ಚಪ್ಪಟೆ ಸ್ಕ್ಯಾನರು, ಎರಡು ಡಿಸ್ಕುಗಳು, ಆಮ್ಲರಹಿತ ಕಾಗದದ ಲಕೋಟೆಗಳು ಇಷ್ಟನ್ನು ಒದಗಿಸಿಕೊಡಬೇಕು. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ತಮ್ಮ ಕಡೆಯ ಹಳೆಯ ಸ್ಟುಡಿಯೊಗಳನ್ನು ವಿಚಾರಿಸಲಿ. ಮಾಲೀಕರ ಒಪ್ಪಿಗೆ ಪಡೆದು, ವಹಿಯ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಂಡು, ನಕಲು ಮಾಡಿ, ನೆಗೆಟಿವುಗಳನ್ನು ಹಿಂದಿರುಗಿಸೋಣ. ಆಯಾ ಮನೆಯವರು ಬೇಡವೆಂದ ಚಿತ್ರವನ್ನು ಯಾರಿಗೂ ತೋರಿಸದಿರೋಣ. ವರ್ಷಕ್ಕೆ ಒಂದು ಸ್ಟುಡಿಯೊದ ಕೆಲಸವಾದರೂ ಸಾಕು.

ಭಾಲ್ಕಿಯ ಕಾಕಾ ಬೇಸಿಗೆ ಮುಗಿಯುವವರೆಗೆ ಡಬ್ಬಿಗಳನ್ನು ಯಾರಿಗೂ ಕೊಡುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾರೆ. ಅಷ್ಟರಲ್ಲಿ ನನ್ನ ಪರೀಕ್ಷೆಯೂ ಮುಗಿದಿರುತ್ತದೆ. ಆಮೇಲೆ ನಾನು ಈ ಕಾಲೇಜಿನವಳಾಗಿರುವುದಿಲ್ಲ. ಕಿರಿಯ ಮಿತ್ರರಲ್ಲಿ ಯಾರಾದರೂ ಬರುವುದಾದರೆ ಆ ಮನೆಯನ್ನು ನಾನೇ ಜೊತೆಗೆ ಬಂದು ತೋರಿಸುತ್ತೇನೆ.

— ಅಂತಿಮ ಬಿ. ಎ. ವಿದ್ಯಾರ್ಥಿನಿ