ನೆನಪು ಅಳಿದರೂ ವ್ಯಕ್ತಿ ಉಳಿಯುತ್ತಾನೆ, ಕಾನೂನು ಏನನ್ನುತ್ತದೆ?

ಬೆಂಗಳೂರು: ಮಗಳ ಹೆಸರನ್ನೇ ಮರೆತ ತಾಯಿಯ ಮುಖ, ಆಕೆಯ ದನಿ ಕೇಳಿದೊಡನೆ ಅರಳಬಹುದು. ಹೆಸರು ಅಳಿದಿದೆ, ಅಕ್ಕರೆ ಅಳಿದಿಲ್ಲ. ನೆನಪು ಒಂದೇ ಉಗ್ರಾಣವಲ್ಲ ಎಂಬುದನ್ನು ನರವಿಜ್ಞಾನ ಕಂಡುಕೊಂಡು ದಶಕಗಳೇ ಕಳೆದಿವೆ.

ಅಮೆರಿಕದ ಹೆನ್ರಿ ಮೊಲೈಸನ್‌ ಅವರಿಗೆ 1953ರಲ್ಲಿ ಅಪಸ್ಮಾರ ನಿವಾರಣೆಗಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಮೆದುಳಿನ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆಯಲಾಯಿತು. 2008ರಲ್ಲಿ ನಿಧನರಾಗುವವರೆಗೂ ಹೊಸ ಘಟನೆಗಳು ಅವರ ಮನದಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿ ನೋಡಿಕೊಂಡು ನಕ್ಷತ್ರದ ಆಕೃತಿ ಬರೆಯುವ ಅವರ ಕೈಚಳಕ ದಿನೇದಿನೇ ಸುಧಾರಿಸಿತು. ಹಿಂದಿನ ದಿನ ಅಭ್ಯಾಸ ಮಾಡಿದ್ದು ಮಾತ್ರ ಅವರಿಗೆ ನೆನಪಿರಲಿಲ್ಲ!

ಆಲ್ಜೈಮರ್‌ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪುಗಳು ಮೊದಲು ಮಸುಕಾಗುತ್ತವೆ. ಬಾಲ್ಯದವು ಹೆಚ್ಚು ಕಾಲ ಉಳಿಯುತ್ತವೆ. ಲೂಯಿ ಬಾಡಿ ಡಿಮೆನ್ಷಿಯಾದಲ್ಲಿ ಗ್ರಹಿಕೆಯೇ ಏರುಪೇರಾಗಿ, ಇಲ್ಲದ ಮನುಷ್ಯರು ಎದುರಿಗೆ ಕಾಣಿಸಿಕೊಳ್ಳಬಹುದು. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ.

ವ್ಯಕ್ತಿತ್ವ ಹೀಗೆ ಹಂತಹಂತವಾಗಿ ಸವೆಯುತ್ತದೆ. ಆದರೆ ಕಾನೂನಿನ ಆಸರೆ ತಪ್ಪುವುದು ಒಮ್ಮೆಲೇ. ಜಿಪಿಎ ಎಂದೇ ಪರಿಚಿತವಾದ ಅಧಿಕಾರ ಪತ್ರ, ಅದನ್ನು ಬರೆದುಕೊಟ್ಟವರ ಬುದ್ಧಿಸ್ವಾಸ್ಥ್ಯ ಕೆಟ್ಟರೆ 1872ರ ಕರಾರು ಕಾಯ್ದೆಯಂತೆ ಕೊನೆಗೊಳ್ಳುತ್ತದೆ. ಕುಟುಂಬಕ್ಕೆ ಅದು ತೀರಾ ಅಗತ್ಯವಾಗುವುದೂ ಆಗಲೇ! ಉಯಿಲು ಜಾರಿಗೆ ಬರುವುದು ಮರಣಾನಂತರ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಆಸ್ತಿ ನಿರ್ವಹಣೆಗೆ ಅವಕಾಶವಿತ್ತು. ಅದರ ಸ್ಥಾನಕ್ಕೆ ಬಂದ 2017ರ ಕಾಯ್ದೆ ಅದನ್ನು ಕೈಬಿಟ್ಟಿತು. ಹೀಗಾಗಿ ತಂದೆಯದೇ ಹಣದಲ್ಲಿ ತಂದೆಗೆ ಔಷಧ ಕೊಡಿಸಲು ಮಕ್ಕಳು ನ್ಯಾಯಾಲಯದ ಮೆಟ್ಟಿಲೇರಬೇಕಾದ ಸ್ಥಿತಿ ಒದಗುತ್ತದೆ.

ಹಾಗೆಂದು ಎಲ್ಲ ಬಾಗಿಲುಗಳೂ ಮುಚ್ಚಿಲ್ಲ. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಮುಂಚಿತವಾಗಿ ಬರೆದಿಡುವ, ತನ್ನ ಪರವಾಗಿ ಪ್ರತಿನಿಧಿಯನ್ನು ನೇಮಿಸುವ ಹಕ್ಕನ್ನು 2017ರ ಕಾಯ್ದೆ ಕೊಟ್ಟಿದೆ. ಆದರೆ ಆ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಗಷ್ಟೇ ಸೀಮಿತ, ಆಸ್ತಿಗಲ್ಲ. ಬರೆದಿಡುವುದೂ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಆಗಬೇಕು.

ಆದ್ದರಿಂದಲೇ ಆರಂಭಿಕ ಪತ್ತೆ ಬರೀ ವೈದ್ಯಕೀಯ ವಿಷಯವಲ್ಲ. ನಿಮ್ಹಾನ್ಸ್‌ ಜತೆಗೂಡಿ ರಾಜ್ಯ ಸರ್ಕಾರ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ಆರಂಭಿಸಿರುವುದು ಒಳ್ಳೆಯ ಹೆಜ್ಜೆ. ‘ವಯಸ್ಸಾಯಿತು, ಅರುಳು ಮರುಳು’ ಎಂದು ಮನೆಯವರು ಸುಮ್ಮನಾದರೆ, ರೋಗಿ ತನ್ನ ಇಚ್ಛೆಯನ್ನು ತಾನೇ ಹೇಳಬಹುದಾದ ಕಾಲ ಕೈಜಾರುತ್ತದೆ. ಅನಂತರ ಆ ಮಾತನ್ನು ಆಡುವವರು ಬೇರೆಯವರೇ.