ಟ್ರಮಡಾಲ್ ಕೇಳಿದರೆ ಮೆಡಿಕಲ್ ಶಾಪ್‌ನವರು ಹಿಂಜರಿಯುವುದೇಕೆ?

ಮನೆಯಲ್ಲಿ ಕ್ಯಾನ್ಸರ್ ಅಥವಾ ತೀವ್ರ ಬೆನ್ನುನೋವಿನ ರೋಗಿ ಇದ್ದರೆ ಈ ಅನುಭವ ನಿಮಗೂ ಆಗಿರಬಹುದು. ಟ್ರಮಡಾಲ್ ಚೀಟಿ ಹಿಡಿದು ಹೋದರೆ ಒಬ್ಬರು ‘ಸ್ಟಾಕ್ ಇಲ್ಲ’ ಎನ್ನುತ್ತಾರೆ. ಇನ್ನೊಬ್ಬರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ‘ಯಾರಿಗೆ?’ ಎಂದು ಕೇಳುತ್ತಾರೆ. ನಿಮ್ಮ ಮೇಲಿನ ಅನುಮಾನ ಎಂದು ಬೇಸರಪಡಬೇಡಿ. ಇದರ ಹಿಂದೆ ಸಮುದ್ರದಾಚೆಯ ಕಥೆಯೊಂದಿದೆ.

2017ರಲ್ಲಿ ಇಟಲಿಯ ಜಿನೋವಾ ಬಂದರಿನಲ್ಲಿ ಸುಮಾರು 3.7 ಕೋಟಿ ಟ್ರಮಡಾಲ್ ಮಾತ್ರೆಗಳು ಸಿಕ್ಕಿಬಿದ್ದವು. ಭಾರತದಿಂದ ಹೊರಟು ಲಿಬಿಯಾಕ್ಕೆ ಹೋಗುತ್ತಿದ್ದ ಸರಕು ಅದು. ನಮ್ಮಲ್ಲಿಯೂ ದುರುಪಯೋಗ ಹೆಚ್ಚಿತ್ತು. 2018ರ ಏಪ್ರಿಲ್‌ನಲ್ಲಿ ಸರ್ಕಾರ ಟ್ರಮಡಾಲನ್ನು ಮಾದಕವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ತಂದಿತು. ಅಂದಿನಿಂದ ಲೆಕ್ಕ ತಪ್ಪಿದರೆ ಅಂಗಡಿಯವರಿಗೆ ಜೈಲಿನ ಭಯ.

ದಾರಿ ಮುಚ್ಚಿದರೆ ಕಳ್ಳಸಾಗಣೆ ಪಕ್ಕದ ಸಂದಿ ಹುಡುಕುತ್ತದೆ. 2025ರ ಫೆಬ್ರವರಿಯಲ್ಲಿ ಬಿಬಿಸಿ ತನಿಖೆಯೊಂದು ಹೊರಬಂತು. ಮುಂಬೈ ಮೂಲದ ಕಂಪನಿಯೊಂದು ಟಪೆಂಟಡಾಲ್ ಎಂಬ ಬಲವಾದ ನೋವಿನ ಔಷಧಿಗೆ, ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿ ಘಾನಾ, ನೈಜೀರಿಯಾಗಳಿಗೆ ಕಳಿಸುತ್ತಿತ್ತು. ಈ ಜೋಡಿಗೆ ಜಗತ್ತಿನಲ್ಲಿ ಎಲ್ಲಿಯೂ ಬಳಕೆಯ ಪರವಾನಗಿ ಇಲ್ಲ. ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗಿ ಪ್ರಾಣ ಹೋಗಬಹುದು. ಘಾನಾದ ತಮಾಲೆ ಪಟ್ಟಣದಲ್ಲಿ ಊರಿನವರೇ ತಂಡ ಕಟ್ಟಿ ಮಾರುವವರನ್ನು ಹಿಡಿದು ಮಾತ್ರೆ ಸುಡುತ್ತಿದ್ದರು. ವರದಿ ಬಂದ ಮೇಲೆ ಭಾರತದ ಔಷಧ ನಿಯಂತ್ರಕರು ಈ ಜೋಡಿಯ ತಯಾರಿಕೆ ಮತ್ತು ರಫ್ತಿನ ಅನುಮತಿಗಳನ್ನು ಹಿಂಪಡೆಯಲು ಸೂಚಿಸಿದರು. ಒಳ್ಳೆಯದೇ ಆಯಿತು. ಆದರೆ ಆ ಕೆಲಸ ಕಾರ್ಖಾನೆಯ ಬಾಗಿಲಲ್ಲಿ ಮೊದಲೇ ಆಗಬೇಕಿತ್ತು.

ಹಾಗಾದರೆ ಜಗತ್ತಿನಾದ್ಯಂತ ಟ್ರಮಡಾಲನ್ನು ಬಿಗಿ ಮಾಡಬಾರದೇ? ಈ ಪ್ರಶ್ನೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಮುಂದೆ ಹಲವು ಸಲ ಬಂದಿದೆ. 2018ರಲ್ಲಿ ಅವರು ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಶಿಫಾರಸು ಮಾಡಲಿಲ್ಲ. ಎಷ್ಟೋ ಬಡ ದೇಶಗಳಲ್ಲಿ ತೀವ್ರ ನೋವಿಗೆ ಸುಲಭವಾಗಿ ಸಿಗುವ ಔಷಧಿ ಇದೊಂದೇ ಎಂಬ ಆತಂಕ ಅವರಿಗಿತ್ತು. ಮಾದಕವಸ್ತುಗಳ ಕುರಿತ 1961ರ ವಿಶ್ವಸಂಸ್ಥೆಯ ಒಪ್ಪಂದದ ಪೀಠಿಕೆಯೂ, ನೋವು ಶಮನಕ್ಕೆ ಈ ಔಷಧಿಗಳು ಅತ್ಯಗತ್ಯ, ಅವು ಸಿಗುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಈ ಅರ್ಧ ಭಾಗವನ್ನು ಸರ್ಕಾರಗಳು ಬೇಗ ಮರೆಯುತ್ತವೆ.

ಮರೆತರೆ ಏನಾಗುತ್ತದೆ ಎಂಬುದು ನಮಗೆ ಗೊತ್ತಿದೆ. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದಾಗ ದೇಶದಲ್ಲಿ ಮಾರ್ಫಿನ್ ಬಳಕೆ ವರ್ಷಕ್ಕೆ 716 ಕಿಲೋ ಇತ್ತು. 1997ರ ಹೊತ್ತಿಗೆ ಅದು 18 ಕಿಲೋಗೆ ಇಳಿಯಿತು. ರೋಗಿಗಳು ಕಡಿಮೆಯಾಗಿರಲಿಲ್ಲ, ಲೈಸೆನ್ಸ್‌ಗಳ ಗೋಜಲಿಗೆ ಹೆದರಿ ಆಸ್ಪತ್ರೆಗಳೂ ಅಂಗಡಿಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಇದನ್ನು ಸರಿಪಡಿಸಲು ಬಂತು. ಅದರ ನಂತರ ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಆಯಿತು. ಮಾನ್ಯತೆ ಪಡೆದ ಆಸ್ಪತ್ರೆಗಳು ಇವನ್ನು ಇಟ್ಟು ರೋಗಿಗಳಿಗೆ ಕೊಡಬಹುದು. ಆದ್ದರಿಂದ ಮಾರ್ಫಿನ್ ಬೇಕಾದಾಗ ಮೂಲೆಯಂಗಡಿ ಸುತ್ತಬೇಡಿ. ಕ್ಯಾನ್ಸರ್ ಆಸ್ಪತ್ರೆಯ ನೋವು ಶಮನ ವಿಭಾಗವನ್ನು, ಅಂದರೆ ಪ್ಯಾಲಿಯೇಟಿವ್ ಕೇರ್ ವಿಭಾಗವನ್ನು, ನೇರವಾಗಿ ಕೇಳಿ.

ಊರು ಬಿಟ್ಟು ಬಂದವರಿಗೆ ಒಂದು ಮಾತು. ಹುಬ್ಬಳ್ಳಿಯಲ್ಲಿ ಡಾಕ್ಟರಿಗೆ ತೋರಿಸುತ್ತಿದ್ದ ಅಮ್ಮನನ್ನು ಪುಣೆಗೆ ಕರೆತಂದಿದ್ದೀರಿ ಎಂದುಕೊಳ್ಳಿ. ಅದೇ ಡಾಕ್ಟರ್ ವಿಡಿಯೋ ಕಾಲ್‌ನಲ್ಲಿ ನೋಡಿ ವಾಟ್ಸಾಪ್‌ನಲ್ಲಿ ಟ್ರಮಡಾಲ್ ಬರೆದು ಕಳಿಸುವಂತಿಲ್ಲ; 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಎನ್‌ಡಿಪಿಎಸ್ ಔಷಧಿಗಳಿಗೆ ನಿಷೇಧವಿದೆ. ಹಳೆಯ ರಿಪೋರ್ಟುಗಳೊಂದಿಗೆ ಪುಣೆಯಲ್ಲೇ ಒಬ್ಬ ಡಾಕ್ಟರನ್ನು ಕಾಣಿರಿ, ಅದೂ ಮಾತ್ರೆ ಮುಗಿಯುವ ವಾರದ ಮೊದಲೇ. ಚೀಟಿಯಲ್ಲಿ ರೋಗಿಯ ಹೆಸರು, ತಾರೀಖು, ಡೋಸ್, ಎಷ್ಟು ದಿನಕ್ಕೆ ಎಂಬುದೆಲ್ಲ ಇರಲಿ. (ಬರೀ ‘1-0-1’ ಎಂದು ಗೀಚಿದ್ದರೆ ಕೌಂಟರಿನಲ್ಲಿರುವ ನಾವೂ ಪೇಚಿಗೆ ಸಿಲುಕುತ್ತೇವೆ.) ಅಂಗಡಿಯವರು ವಿವರಗಳನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಕಾನೂನು, ಅವಮಾನವಲ್ಲ. ಮಾತ್ರೆ ಸಿಗಲಿಲ್ಲವೆಂದು ತಟ್ಟನೆ ನಿಲ್ಲಿಸಬೇಡಿ. ಬೆವರು, ಚಡಪಡಿಕೆ, ಭೇದಿ, ನಿದ್ದೆಗೇಡು ಕಾಣಿಸಬಹುದು. ನಿಧಾನವಾಗಿ ಇಳಿಸುವುದು ಹೇಗೆಂದು ಡಾಕ್ಟರೇ ಹೇಳಬೇಕು. ಚೀಟಿ ಇಲ್ಲದೆ ಕೊಡುವ ಅಂಗಡಿ ಅಥವಾ ಆನ್‌ಲೈನ್ ಮಾರಾಟಗಾರ ಸಿಕ್ಕರೆ ಅದನ್ನು ಅನುಕೂಲ ಎಂದುಕೊಳ್ಳಬೇಡಿ. ಆ ಮಾತ್ರೆಯಲ್ಲಿ ಏನಿದೆ ಎಂದು ಯಾರೂ ಖಾತ್ರಿ ಕೊಡಲಾರರು.

ನೋವಿಗೆಂದು ಶುರುವಾದದ್ದು ಈಗ ಬಿಡಲಾಗುತ್ತಿಲ್ಲ ಎಂದಾದರೆ ಅದಕ್ಕೂ ಚಿಕಿತ್ಸೆ ಇದೆ. ಅಲ್ಪ ಪ್ರಮಾಣದ ಅಥವಾ ಸ್ವಂತ ಸೇವನೆಯ ಪ್ರಕರಣವಿದ್ದರೂ, ತಾವಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವವರಿಗೆ ಅದೇ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತೊಳಲಾಟವನ್ನು ಕನ್ನಡದಲ್ಲೇ ಹೇಳಿಕೊಳ್ಳಬೇಕೆನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಅಲ್ಲಿ ಮಾತನಾಡುತ್ತಾರೆ.